ಹವ್ಯಾಸಕ್ಕೆ ಕ್ಯಾಡ್ ಕಲಿಯಲು ಟಿಂಕರ್‌ಕ್ಯಾಡ್ ಸಾಕೇ, ಆನ್‌ಶೇಪ್ ಬೇಕೇ? ಮಲೆನಾಡಿನ ಇಂಟರ್‌ನೆಟ್‌ಗೆ ಯಾವುದು ಹೊಂದುತ್ತದೆ?

ಹಳೆಯ ಲ್ಯಾಪ್‌ಟಾಪ್, ಮಳೆ ಬಂದರೆ ಕೈಕೊಡುವ ನೆಟ್, ಜೊತೆಗೊಂದು ತ್ರೀಡಿ ಪ್ರಿಂಟರ್ ಕೊಳ್ಳುವ ಆಸೆ. ನೀವು ತೀರ್ಥಹಳ್ಳಿ ಕಡೆಯವರು ಎಂದು ಬರೆದಿದ್ದೀರಿ. ನಾನು ರಿಪ್ಪನ್‌ಪೇಟೆ ಹತ್ತಿರದವನು. ಉಳಿದ ಪಟ್ಟಿಯೆಲ್ಲ ನನ್ನದೇ. ನೀವು ಕೇಳಿದ ಎರಡೂ ಬ್ರೌಸರಿನಲ್ಲೇ ಓಡುವ ಕ್ಯಾಡ್, ಎಂದರೆ ಕಂಪ್ಯೂಟರಿನಲ್ಲಿ ವಸ್ತುವಿನ ವಿನ್ಯಾಸ ಬರೆಯುವ ತಂತ್ರಾಂಶಗಳು. ಹಾಗಾಗಿ ಯಾವ ತಂತ್ರಾಂಶಕ್ಕೆ ಎಷ್ಟು ಅಂಕ ಎಂಬುದನ್ನು ಆಮೇಲೆ ನೋಡೋಣ, ಮೊದಲು ನನ್ನ ದೋಟಿ ಕ್ಲಿಪ್ಪಿನ ಕಥೆ ಕೇಳಿ.

ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಸಿಗುವುದು ದುಸ್ತರವಾದ ಮೇಲೆ ನಾವೂ ಅಕ್ಕಪಕ್ಕದ ತೋಟದವರೂ ಕಾರ್ಬನ್ ಫೈಬರ್ ದೋಟಿ, ಎಂದರೆ ತುಂಡು ತುಂಡಾಗಿ ಉದ್ದ ಮಾಡುವ ಹಗುರ ಕೋಲು, ತಂದುಕೊಂಡೆವು. ನೆಲದ ಮೇಲೆ ನಿಂತೇ ಗೊನೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಬಹುದು. ಆದರೆ ಔಷಧಿಯ ಪೈಪನ್ನು ದೋಟಿಯ ಉದ್ದಕ್ಕೂ ಅಲ್ಲಲ್ಲಿ ಹಿಡಿದು ಕಟ್ಟಿರಬೇಕು. ಇಲ್ಲದಿದ್ದರೆ ದ್ರಾವಣ ತುಂಬಿದ ಪೈಪು ಜೋತುಬಿದ್ದು ದೋಟಿಯನ್ನು ಒಂದೇ ಕಡೆಗೆ ಜಗ್ಗುತ್ತದೆ, ಹಿಡಿದವನ ರಟ್ಟೆ ಬಿದ್ದುಹೋಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಕಟ್ಟುವುದು ನಮ್ಮಲ್ಲಿನ ರೂಢಿ. ಡಿಪ್ಲೊಮಾ ಮೆಕ್ಯಾನಿಕಲ್ ಓದಿದ ನನಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಎರಡು ಹೋಳಿನ ಕ್ಲಿಪ್ ಮಾಡಿ, ನಡುವೆ ದೋಟಿ ಇಟ್ಟು, ಎರಡು ಬದಿಗೆ ಎರಡು ಎಂ5 (5 ಮಿ.ಮೀ. ದಪ್ಪದ) ಬೋಲ್ಟ್ ಬಿಗಿದರೆ ಮುಗಿಯಿತಲ್ಲ ಎಂದುಕೊಂಡೆ. ದೋಟಿಯ ಪ್ರತಿ ತುಂಡೂ ಮೇಲೆ ಹೋದಂತೆ ಸಣ್ಣದಾಗುವುದರಿಂದ ಒಂದೊಂದಕ್ಕೆ ಒಂದೊಂದು ಅಳತೆಯ ಕ್ಲಿಪ್ ಬೇಕಿತ್ತು. ಕ್ಯಾಡ್ ಹುಡುಕಿಕೊಂಡು ಹೊರಟದ್ದು ಇದಕ್ಕಾಗಿಯೇ.

ಮೊದಲು ಹಿಡಿದದ್ದು ಟಿಂಕರ್‌ಕ್ಯಾಡ್. ಡಬ್ಬಿ, ಉರುಳೆಗಳನ್ನು ಎಳೆದು ತಂದು ಒಂದಕ್ಕೊಂದು ಸೇರಿಸುವುದು, ತೂತು ಬೇಕಾದಲ್ಲಿ ಒಂದು ಆಕಾರವನ್ನೇ ತೂತೆಂದು ಘೋಷಿಸುವುದು, ಅಷ್ಟೇ. 2011ರಲ್ಲಿ ಶುರುವಾಗಿ 2013ರಲ್ಲಿ ಆಟೋಡೆಸ್ಕ್ ಕಂಪನಿಯ ಕೈಸೇರಿದ ಇದನ್ನು ಮಕ್ಕಳಾಟ ಎಂದು ನೀವು ಮೂಗು ಮುರಿದಿದ್ದೀರಿ. ನಾನು ಹಾಗೆ ಹೇಳುವುದಿಲ್ಲ. ಗೇಟಿನ ಮೇಲಿನ ಹೆಸರಿನ ಹಲಗೆ, ಸ್ವಿಚ್‌ಬೋರ್ಡಿನ ಮುಚ್ಚಳದಂಥವಕ್ಕೆ ಧಾರಾಳ ಸಾಕು. ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದರೆ ಅದರೊಳಗಿನ ಆರ್ಡುಯಿನೊ (ಕಲಿಯುವವರ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು) ಸರ್ಕಿಟ್ ವಿಭಾಗವೊಂದಕ್ಕಾಗಿಯೇ ಖಾತೆ ತೆರೆಯಬಹುದು. ಆದರೆ 40 ಮಿ.ಮೀ. ದೋಟಿಗೆ ಮಾಡಿದ ಕ್ಲಿಪ್ಪನ್ನು 34ಕ್ಕೆ ಇಳಿಸಬೇಕೆಂದರೆ ಬೋಲ್ಟಿನ ತೂತು, ಗೋಡೆಯ ದಪ್ಪ, ಪೈಪು ಕೂರುವ ತೋಡು ಎಲ್ಲವನ್ನೂ ಕೈಯಾರೆ ಸರಿಸಬೇಕು. ಒಂದು ಅಳತೆ ಇನ್ನೊಂದನ್ನು ಎಳೆದುಕೊಂಡು ಹೋಗುವ ಏರ್ಪಾಡು ಅಲ್ಲಿಲ್ಲ.

ಅಲ್ಲಿಂದ ಆನ್‌ಶೇಪ್‌ಗೆ ಜಿಗಿದೆ. ಕಾರ್ಖಾನೆಗಳ ಕ್ಯಾಡ್ ತಂತ್ರಾಂಶ ಸಾಲಿಡ್‌ವರ್ಕ್ಸ್ ಕಟ್ಟಿದವರಲ್ಲೇ ಕೆಲವರು 2012ರಲ್ಲಿ ಹುಟ್ಟುಹಾಕಿದ ಕಂಪನಿ ಅದು. 2019ರಲ್ಲಿ ಪಿಟಿಸಿ ಎಂಬ ಕಂಪನಿ ಕೊಂಡುಕೊಂಡಿತು. ಅಳತೆ ಬದಲಿಸಿದರೆ ಇಡೀ ವಸ್ತುವೇ ಬದಲಾಗುವ ಪದ್ಧತಿಯನ್ನು ಎಂಬತ್ತರ ದಶಕದ ಕೊನೆಯಲ್ಲಿ ಪ್ರೊ/ಎಂಜಿನಿಯರ್ ಎಂಬ ತನ್ನ ತಂತ್ರಾಂಶದ ಮೂಲಕ ಕಾರ್ಖಾನೆಗಳಿಗೆ ರೂಢಿ ಮಾಡಿಸಿದ್ದು ಇದೇ ಪಿಟಿಸಿ. ಲೆಕ್ಕಾಚಾರವೆಲ್ಲ ಅವರ ಸರ್ವರಿನಲ್ಲಿ ನಡೆಯುತ್ತದೆ, ನಿಮ್ಮ ಬ್ರೌಸರ್ ಚಿತ್ರ ತೋರಿಸಿದರೆ ಸಾಕು. ನನ್ನ ಲ್ಯಾಪ್‌ಟಾಪಿನಂಥ ಮುದಿಯಂತ್ರದಲ್ಲೂ ಓಡಿದ್ದು ಅದರಿಂದಲೇ.

ನನ್ನ ಕೈ ಕಚ್ಚಿದ ಸಂಗತಿ ಇಲ್ಲಿಂದ ಶುರು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಏಕೆಂದರೆ ಎಷ್ಟು ವಿಡಿಯೊ ನೋಡಿದರೂ ಇದು ತಲೆಗೆ ಹೋಗಿರಲಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ನಾನು ಕಲಿತದ್ದು ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್, ಎಚ್ ಪೆನ್ಸಿಲ್. ಕಾಗದದ ಮೇಲೆ ಗೆರೆ ಎಳೆದರೆ ಅದು ಅಲ್ಲೇ ಕೂತಿರುತ್ತದೆ. ಅಳತೆ ಬರೆಯುವುದು ನೋಡುವವರಿಗಾಗಿ, ಗೆರೆಗಾಗಿ ಅಲ್ಲ. ಕ್ಯಾಡ್‌ನ ಸ್ಕೆಚ್‌ನಲ್ಲಿ, ಎಂದರೆ ವಸ್ತು ಹುಟ್ಟುವ ಚಪ್ಪಟೆ ರೇಖಾಚಿತ್ರದಲ್ಲಿ, ಇದು ತಲೆಕೆಳಗು. ಅಲ್ಲಿ ಗೆರೆ ಎಳೆದಾಗ ಅದು ಇನ್ನೂ ಎಲ್ಲಿಯೂ ಇಲ್ಲ. ಅಳತೆ ಕೊಟ್ಟು, ಇದು ಅದಕ್ಕೆ ಸಮಾನಾಂತರ, ಈ ಬಿಂದು ಆ ಗೆರೆಯ ಮೇಲೆ, ಈ ಎರಡು ವೃತ್ತ ನಡುಗೆರೆಯಿಂದ ಸಮದೂರ ಎಂದು ಒಂದೊಂದೇ ಕನ್‌ಸ್ಟ್ರೇಂಟ್ (ಕಟ್ಟುಪಾಡು) ಹಾಕಿ ಕಟ್ಟಿದ ಮೇಲೆಯೇ ಅದು ನೆಲೆ ನಿಲ್ಲುವುದು. ಕಟ್ಟದೇ ಉಳಿದದ್ದನ್ನು ಆನ್‌ಶೇಪ್ ನೀಲಿ ಬಣ್ಣದಲ್ಲಿ ತೋರಿಸುತ್ತದೆ, ಪೂರ್ತಿ ಕಟ್ಟಿದ್ದು ಕಪ್ಪಾಗುತ್ತದೆ, ಒಂದಕ್ಕೊಂದು ತಿಕ್ಕಾಟವಾಗುವಂತೆ ಕಟ್ಟಿದರೆ ಕೆಂಪು. ನೀಲಿ ಎಂದರೆ ಸ್ಕೆಚ್ಚಿನ ಬಣ್ಣವೇ ಇರಬೇಕು ಎಂದು ನಾನು ತಿಳಿದಿದ್ದೆ.

ಕೆಳಗಿನ ಹೋಳನ್ನು ಒಂದು ಸ್ಕೆಚ್‌ನಲ್ಲಿ, ಮೇಲಿನ ಹೋಳನ್ನು ಇನ್ನೊಂದು ಸ್ಕೆಚ್‌ನಲ್ಲಿ ಬರೆದೆ. ಎರಡೂ ಬೋಲ್ಟುಗಳ ನಡುವೆ 56 ಮಿ.ಮೀ. ಅಂತರ ಇರಬೇಕಿತ್ತು. ಮೇಲಿನ ಹೋಳಿನ ಬಲಗಡೆ ತೂತಿಗೆ 5.5 ಮಿ.ಮೀ. ವ್ಯಾಸ ಕೊಟ್ಟೆ. ವ್ಯಾಸದ ಅಂಕಿ ಪಕ್ಕದಲ್ಲಿ ಬಂದು ಕೂತದ್ದೇ ತಡ, ಈ ತೂತಿನ ಕೆಲಸ ಮುಗಿಯಿತು ಎಂದುಕೊಂಡೆ. ಅದರ ಕೇಂದ್ರ ಎಲ್ಲಿರಬೇಕು ಎಂದು ಮಾತ್ರ ಹೇಳಲೇ ಇಲ್ಲ. ಕಣ್ಣಂದಾಜಿನಲ್ಲಿ ಸರಿಯಾದ ಜಾಗಕ್ಕೆ ಹತ್ತಿರವೇ ಕೂತಿತ್ತು. ಶಿವಮೊಗ್ಗದಲ್ಲಿ ಒಂದು ಜೊತೆ ಪ್ರಿಂಟ್ ಮಾಡಿಸಿ ತಂದು ದೋಟಿಗೆ ಹಾಕಿ ನೋಡಿದೆವು. ಬೋಲ್ಟ್ ಸಲೀಸಾಗಿ ಇಳಿಯಿತು. ನಮ್ಮ ಭಾವನಂತೂ ಅಲ್ಲೇ ನಾಲ್ಕು ತೋಟದವರಿಗೆ ಸುದ್ದಿ ಮುಟ್ಟಿಸಿದರು.

ಆ ಜೊತೆಯಲ್ಲಿ ಒಂದು ಸಣ್ಣ ಕೊರತೆ ಇತ್ತು. ಅಂಚು ಚೂಪಾಗಿ ಪೈಪನ್ನು ಉಜ್ಜುತ್ತಿತ್ತು. ಅಂಚನ್ನು ಉರುಟು ಮಾಡಲು ಫಿಲೆಟ್ ಹಾಕೋಣವೆಂದರೆ ಗೋಡೆ ಸ್ವಲ್ಪ ದಪ್ಪವಿರಬೇಕು. ರಾತ್ರಿ ಊಟವಾದ ಮೇಲೆ ಮೇಲಿನ ಹೋಳಿನ ಸ್ಕೆಚ್ ತೆರೆದು ದಪ್ಪದ ಅಂಕಿ ಬದಲಿಸಿದೆ. ಮೌಸ್ ಇರಲಿಲ್ಲ, ಟಚ್‌ಪ್ಯಾಡಿನಲ್ಲೇ ಬೆರಳಾಡಿಸುತ್ತಿದ್ದೆ. ಯಾವುದನ್ನೋ ಆರಿಸಲು ಹೋಗಿ ಆ ತೂತನ್ನು ಹಿಡಿದು ಒಂದಿಷ್ಟು ಎಳೆದಿದ್ದೇನೆ. ನೀಲಿ ತೂತು, ಕಟ್ಟಿಲ್ಲದ್ದು, ಎಳೆದ ಕಡೆ ಬಂತು. ಒಂದೂವರೆ ಮಿ.ಮೀ. ಆಚೀಚೆ ಆದದ್ದು ಪರದೆಯ ಮೇಲೆ ಕಾಣುವುದೇ ಇಲ್ಲ. ಹಸಿರು ಟಿಕ್ ಒತ್ತಿದೆ, ಫಿಲೆಟ್ ಹಾಕಿದೆ, ಪ್ರಿಂಟಿಗೆ ಕೊಡುವ ಎಸ್‌ಟಿಎಲ್ ಫೈಲ್ ಇಳಿಸಿಕೊಂಡೆ, ನಮಗೂ ನೆರೆಯವರಿಗೂ ಬೇಕಾದಷ್ಟನ್ನು ಒಟ್ಟಿಗೇ ಪ್ರಿಂಟ್ ಮಾಡಲು ಹೇಳಿ ಹಣ ಕಳುಹಿಸಿದೆ. ಹಳೆಯ ಕಾಲದ ತಂತ್ರಾಂಶವಾಗಿದ್ದರೆ ಮುಚ್ಚುವಾಗ ಉಳಿಸಬೇಕೇ ಎಂದಾದರೂ ಕೇಳುತ್ತಿತ್ತು. ಬ್ರೌಸರಿನಲ್ಲಿ ಅದಿಲ್ಲ, ಮಾಡಿದ್ದೆಲ್ಲ ಮಾಡಿದ ಕ್ಷಣಕ್ಕೇ ಉಳಿಯುತ್ತದೆ. ಎಲ್ಲರೂ ಹೊಗಳುವ ಗುಣವೇ ನನಗೆ ಅಡ್ಡಗಾಲು ಹಾಕಿತು.

ಪಾರ್ಸೆಲ್ ಬಸ್ಸಿನಲ್ಲಿ ಬಂದಾಗ ಮಳೆ ಹೊಳವು ಕೊಟ್ಟಿತ್ತು. ಮೈಲುತುತ್ತ, ಸುಣ್ಣ ಆಗಲೇ ಬ್ಯಾರೆಲ್‌ನಲ್ಲಿ ಕದಡಿ ತಯಾರಾಗಿತ್ತು. ನೂರು ಲೀಟರ್ ನೀರಿಗೆ ಒಂದೊಂದು ಕಿಲೊ ಹಾಕಿ ಒಮ್ಮೆ ಕಲಸಿದ ಮೇಲೆ ಅದನ್ನು ಅಂದೇ ಹೊಡೆದು ಮುಗಿಸಬೇಕು, ನಾಳೆಗೆಂದು ಇಡುವಂತಿಲ್ಲ. ಎಡಗಡೆ ಬೋಲ್ಟ್ ಇಳಿಯಿತು. ಬಲಗಡೆಯದು ಅರ್ಧ ತೂತಿನಲ್ಲಿ ಪ್ಲಾಸ್ಟಿಕ್ಕಿಗೆ ತಾಗಿ ನಿಂತಿತು. ಇನ್ನೊಂದು ಜೊತೆ ತೆಗೆದರೆ ಅದೂ ಹಾಗೆಯೇ, ಮತ್ತೊಂದೂ ಹಾಗೆಯೇ. ಡ್ರಿಲ್ ಹಾಕಿ ತೂತು ಅಗಲಿಸಲು ಹೋದೆ. ಬಿಟ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿ ಸುತ್ತಿಕೊಂಡಿತು, ಕ್ಲಿಪ್ ಪದರ ಪದರವಾಗಿ ಬಿಟ್ಟುಕೊಂಡಿತು. ಪಕ್ಕದ ತೋಟದ ಹಿರಿಯರು ಒಂದು ಹೋಳನ್ನು ತಿರುಗಿಸಿ ನೋಡಿ, “ಚಂದ ಉಂಟು ಮಾರಾಯ, ಆದರೆ ಕೂರುವುದಿಲ್ಲವಲ್ಲ” ಎಂದು ಹೇಳಿ ಜೇಬಿನಿಂದ ಸೈಕಲ್ ಟ್ಯೂಬ್ ತೆಗೆದರು. ಔಷಧಿ ಹೊಡೆಯುವುದು ಆ ದಿನ ನಿಲ್ಲಲಿಲ್ಲ. ನನ್ನ ಮಾತು ಮಾತ್ರ ನಿಂತುಹೋಯಿತು.

ಎಲ್ಲಿ ತಪ್ಪಿತು ಎಂದು ತೋರಿಸಿಕೊಟ್ಟದ್ದೂ ಆನ್‌ಶೇಪೇ. ಅದರಲ್ಲಿ ನೀವು ಮಾಡಿದ ಪ್ರತಿ ಬದಲಾವಣೆಯೂ ಹೊತ್ತಿನ ಸಮೇತ ಇತಿಹಾಸದ ಪಟ್ಟಿಯಲ್ಲಿ ಇರುತ್ತದೆ. ಯಾವ ಸಾಲನ್ನು ಒತ್ತಿದರೂ ಆ ಗಳಿಗೆಯಲ್ಲಿ ವಸ್ತು ಹೇಗಿತ್ತೋ ಹಾಗೆ ಎದುರಿಗೆ ಬರುತ್ತದೆ. ಫಿಲೆಟ್ ಹಾಕಿದ ಸಾಲಿನ ಕೆಳಗೇ ಸ್ಕೆಚ್ ತಿದ್ದಿದ ಸಾಲು ಇತ್ತು. ಅದಕ್ಕೆ ಹಿಂದಿನ ಸ್ಥಿತಿಯಲ್ಲಿ ತೂತುಗಳ ಅಂತರ ಅಳೆದರೆ 55.9, ನಂತರದ್ದರಲ್ಲಿ 54.3. ಎಂದರೆ ಮೊದಲ ಜೊತೆ ಕೂತದ್ದೂ ನನ್ನ ಜಾಣ್ಮೆಯಿಂದಲ್ಲ, ಎಂ5 ಬೋಲ್ಟಿಗೆ 5.5ರ ತೂತಿನಲ್ಲಿದ್ದ ಅರ್ಧ ಮಿ.ಮೀ. ಸಡಿಲಿನ ಕೃಪೆಯಿಂದ.

ಈಗ ನಾನು ಬರೆಯುವ ರೀತಿಯೇ ಬೇರೆ. ಎರಡೂ ಹೋಳು ಒಂದೇ ಸ್ಕೆಚ್‌ನಿಂದ ಹುಟ್ಟುತ್ತವೆ, ಒಂದೊಂದು ಬದಿಗೆ ತೂತು ಒಂದೇ, ಅದು ಎರಡೂ ಹೋಳನ್ನು ಒಟ್ಟಿಗೇ ಕೊರೆದುಕೊಂಡು ಹೋಗುತ್ತದೆ. ಬಲದ ತೂತು ಎಡದ್ದಕ್ಕೆ ನಡುಗೆರೆಯಾಚೆಗಿನ ಪ್ರತಿಬಿಂಬ. ದೋಟಿಯ ವ್ಯಾಸ ಒಂದು ವೇರಿಯೇಬಲ್, ಎಂದರೆ ಒಂದೇ ಕಡೆ ಬರೆದಿಡುವ ಹೆಸರಿನ ಅಂಕಿ. 40 ಇದ್ದಲ್ಲಿ 34 ಎಂದು ಬರೆದರೆ ಉಳಿದದ್ದೆಲ್ಲ ತಾನಾಗಿ ಸರಿಯುತ್ತದೆ. ಒಂದು ಗೆರೆ ನೀಲಿ ಉಳಿದರೂ ಪ್ರಿಂಟಿಗೆ ಕಳುಹಿಸುವುದಿಲ್ಲ. ಕಳುಹಿಸುವ ಮೊದಲು ಒಂದು ವರ್ಷನ್ (ಆ ಗಳಿಗೆಯ ಬದಲಾಗದ ಪ್ರತಿ) ಮಾಡಿ ಹೆಸರಿಟ್ಟು, ಅದರಿಂದಲೇ ಫೈಲ್ ಇಳಿಸುತ್ತೇನೆ. ವರ್ಷನ್ನನ್ನು ಯಾರ ಬೆರಳೂ ಎಳೆದಾಡಲಾಗದು.

ಇನ್ನು ನಿಮ್ಮ ಪ್ರಶ್ನೆ. ನೆಟ್‌ಗೆ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ರೂಟರ್ ಸಾಯುತ್ತದೆ, ಆಗ ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮುಂದುವರಿಯುತ್ತದೆ. ನಡುವೆ ಸಂಪರ್ಕ ಕಡಿದರೂ ಅಲ್ಲಿಯವರೆಗಿನದು ಸರ್ವರಿನಲ್ಲಿ ಭದ್ರ. ಆಷಾಢದಲ್ಲಿ ಸಿಗ್ನಲ್ಲೇ ಇಲ್ಲದ ದಿನ ಏನೂ ತೆರೆಯುವುದಿಲ್ಲ, ಆ ದಿನ ಬೇರೆ ಕೆಲಸ ನೋಡಿಕೊಳ್ಳಿ. ಅದೂ ಆಗದು ಎನ್ನುವುದಾದರೆ ಬ್ರೌಸರಿನ ಆಸೆಯನ್ನೇ ಬಿಟ್ಟು ಫ್ರೀಕ್ಯಾಡ್ ಹಾಕಿಕೊಳ್ಳಿ. ಮುಕ್ತ ತಂತ್ರಾಂಶ, ನೆಟ್ ಬೇಡ, 2024ರ ನವೆಂಬರಿನಲ್ಲಿ 1.0 ಬಂದ ಮೇಲೆ ಮೊದಲಿನಷ್ಟು ಕಾಡುವುದಿಲ್ಲ. ಅಲ್ಲೂ ಸ್ಕೆಚ್ ಕಟ್ಟದೇ ಬಿಟ್ಟರೆ ಇದೇ ಗೋಳು.

ಯಾರಾದರೂ ನಿಮ್ಮ ವಿನ್ಯಾಸ ಕದ್ದರೆ ಎಂಬ ಅಂಜಿಕೆಯನ್ನೂ ತೋಡಿಕೊಂಡಿದ್ದೀರಿ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು, ನಕಲು ಮಾಡಿಕೊಳ್ಳಬಹುದು. ಹವ್ಯಾಸಿಗಳಾದ ನಮ್ಮ ಕ್ಲಿಪ್ಪು, ಕೊಕ್ಕೆಗಳನ್ನು ಕದಿಯಲು ಯಾರೂ ಹೊಂಚು ಹಾಕಿ ಕೂತಿಲ್ಲ. ಆದರೆ ಆ ಖಾತೆ ವ್ಯಾಪಾರಕ್ಕಲ್ಲ ಎಂಬುದು ಷರತ್ತು. ಮಾಡಿ ಮಾರುವ ಯೋಚನೆ ಇದ್ದರೆ ಮೊದಲೇ ಫ್ರೀಕ್ಯಾಡ್ ಕಡೆಗೆ ಹೋಗಿ.

ಪ್ರಿಂಟರ್ ಸದ್ಯಕ್ಕೆ ಬೇಡವೇ ಬೇಡ. ತಂದರೆ ವರ್ಷವಿಡೀ ಕರಗಿದ ಪ್ಲಾಸ್ಟಿಕ್ ಹೊರಬರುವ ಅದರ ನಾಜಲ್ ಸ್ವಚ್ಛ ಮಾಡುವುದೇ ನಿಮ್ಮ ಹವ್ಯಾಸವಾಗುತ್ತದೆ, ಜೊತೆಗೆ ನಮ್ಮ ಮಳೆಗಾಲದ ತೇವ ಫಿಲಮೆಂಟ್ (ಪ್ರಿಂಟರಿನ ಪ್ಲಾಸ್ಟಿಕ್ ದಾರ) ಸುರುಳಿಗಳನ್ನು ಹಾಳುಗೆಡವುತ್ತದೆ. ಶಿವಮೊಗ್ಗದಲ್ಲಿ ಮಾಡಿಸಿ, ಬಸ್ಸಿಗೆ ಹಾಕಿಸಿಕೊಳ್ಳಿ. ಬಿಸಿಲಿಗೆ ಬೀಳುವ ವಸ್ತುವಾದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೇಡ, 60 ಡಿಗ್ರಿ ಸುಮಾರಿಗೆ ಅದು ಮೆತ್ತಗಾಗುತ್ತದೆ. ಅದಕ್ಕಿಂತ ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಎಂದು ಬಾಯಿಬಿಟ್ಟು ಹೇಳಿ. ಬೋಲ್ಟ್ ಬಿಗಿಯುವ ಭಾಗವಿದ್ದರೆ ಯಾವ ಬದಿ ಮಲಗಿಸಿ ಪ್ರಿಂಟ್ ಮಾಡಬೇಕೆಂದೂ ಹೇಳಬೇಕು, ಏಕೆಂದರೆ ಪದರಗಳನ್ನು ಬೇರ್ಪಡಿಸುವ ದಿಕ್ಕಿಗೆ ಎಳೆತ ಬಿದ್ದರೆ ಎಷ್ಟು ದಪ್ಪವಿದ್ದರೂ ಸೀಳುತ್ತದೆ. ಎಸ್‌ಟಿಎಲ್ ಫೈಲಿನೊಳಗೆ ಅಳತೆಯ ಮಾನ ಇರುವುದಿಲ್ಲ, ಬರೀ ಅಂಕಿಗಳಿರುತ್ತವೆ. ಇಳಿಸುವಾಗ ಮಿಲಿಮೀಟರ್ ಎಂದು ಆರಿಸಿ, ಅಂಗಡಿಯವರಿಗೂ ಹಾಗೆಂದೇ ತಿಳಿಸಿ.

ಪ್ರಿಂಟರಿಗೆಂದು ಎತ್ತಿಟ್ಟ ಹಣದಲ್ಲಿ ಸೂಕ್ಷ್ಮ ಅಳತೆ ತೋರಿಸುವ ಒಂದು ಡಿಜಿಟಲ್ ವರ್ನಿಯರ್ ತನ್ನಿ. ತೋಟದ ಅರ್ಧ ಇಂಚಿನ ಪಿವಿಸಿ ಪೈಪಿಗೆ ಹಿಡಿದು ನೋಡಿ, ಹೊರಮೈ 20 ಮಿ.ಮೀ. ಇರುತ್ತದೆ, ಅಂಗಡಿಯ ಹೆಸರನ್ನು ನಂಬಿ 12.7 ಎಂದು ಬರೆದರೆ ಕೆಟ್ಟಿರಿ. ಮುಕ್ಕಾಲು ಇಂಚಿನದು 25, ಒಂದು ಇಂಚಿನದು 32. ಆ ಪೈಪಿಗೆ ಗೋಡೆಯ ಮೇಲೆ ಹಿಡಿದಿಡುವ ಒಂದು ಕ್ಲಾಂಪ್ ಬರೆಯುವುದರಿಂದ ಶುರುಮಾಡಿ, ಒಳವ್ಯಾಸಕ್ಕೆ 0.3 ಮಿ.ಮೀ. ಹೆಚ್ಚು ಕೊಡಿ. ಎಲ್ಲ ಗೆರೆಯೂ ಕಪ್ಪಾದ ಮೇಲೆ ಒಂದೇ ಒಂದು ತುಂಡು ಮಾಡಿಸಿ. ಕೂತರೆ, ಆ ಫೈಲನ್ನು ಮತ್ತೆ ಮುಟ್ಟದೆ ಉಳಿದವನ್ನು ಮಾಡಿಸಿ. ಮುಟ್ಟಿದರೆ ಮತ್ತೆ ಒಂದೇ ತುಂಡಿನಿಂದ ಶುರು.

ಮತ್ತೆ, ಟಚ್‌ಪ್ಯಾಡಿನಲ್ಲಿ ಇದನ್ನು ಕಲಿಯುತ್ತೇನೆ ಎಂದು ಹೊರಡಬೇಡಿ. ಬಲಗುಂಡಿ ಒತ್ತಿ ತಿರುಗಿಸುವುದು, ನಡುಚಕ್ರ ಒತ್ತಿ ಸರಿಸುವುದು, ಚಕ್ರ ಉರುಳಿಸಿ ಹತ್ತಿರ ದೂರ ಮಾಡುವುದು. ಎಲ್ಲವೂ ಮೌಸಿಗೆಂದೇ ಮಾಡಿದ್ದು. ಚಕ್ರವಿರುವ ಸಾದಾ ಮೌಸ್ ಸಾಕು, ತೀರ್ಥಹಳ್ಳಿಯಲ್ಲೇ ಸಿಗುತ್ತದೆ.