ಬಾವಲಿಗೆ ವಕೀಲರು ಬೇಡ, ಮೇಷ್ಟ್ರೇ

ಪ್ರಿಯ ಮೇಷ್ಟ್ರೇ,

ನೀವು ಕಳಿಸಿದ 164 ಪುಟ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಮೊದಲ ಸಲ ಶಿವಮೊಗ್ಗದ ನಮ್ಮ ಆಫೀಸಿನಲ್ಲಿ, ಎರಡನೇ ಸಲ ತೀರ್ಥಹಳ್ಳಿ ಬಸ್ಸಿನಲ್ಲಿ. 'ನಮ್ಮ ಬಾವಲಿಗಳು: ದೊಡ್ಡವರಿಗೂ ಮಕ್ಕಳಿಗೂ' ಅಂತ ಹೆಸರಿಟ್ಟಿದ್ದೀರಿ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ನಮಗೆ ಆಗುವುದಿಲ್ಲ. ಆದರೆ ಮಂಡಗದ್ದೆ ದಾಟುವ ಹೊತ್ತಿಗೆ 37ನೇ ಪುಟಕ್ಕೆ ಬಂದಿದ್ದೆ. ಅದನ್ನು ಓದಿದ ಮೇಲೆ ಎರಡು ಸಾಲು ಗೀಚಿ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ.

ತೊಂದರೆ ಏನೆಂದರೆ, ನೀವು ಮೊದಲಿಂದ ಕೊನೆವರೆಗೂ ಬಾವಲಿಯ ಪರ ವಕಾಲತ್ತು ಮಾಡಿದ್ದೀರಿ. ಪಾಪದ ಪ್ರಾಣಿ, ರೈತನ ಮಿತ್ರ, ಪರಿಸರದ ಮೂಕ ಸೇವಕ. 'ಮೂಕ ಸೇವಕ' ಒಂಬತ್ತು ಕಡೆ ಬಂದಿದೆ, ಎಣಿಸಿದೆ. ಬಾವಲಿ ಮರದ ಕೆಳಗೆ ಹತ್ತು ನಿಮಿಷ ನಿಂತವರು ಯಾರೂ ಅದನ್ನು ಮೂಕ ಅನ್ನುವುದಿಲ್ಲ. ಹಗಲಿಡೀ ಜಗಳ, ಕಿರುಚಾಟ, ಜಾಗಕ್ಕೆ ತಳ್ಳಾಟ. ಈ ಜಗಳ ನಿಮ್ಮ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಮಕ್ಕಳ ಭಾಗ ಶುರುವಾಗುವುದೇ 'ಹೆದರಬೇಡಿ ಮಕ್ಕಳೇ, ಬಾವಲಿ ಕೆಟ್ಟದ್ದಲ್ಲ' ಅಂತ. ಎರಡನೇ ಕ್ಲಾಸಿನ ಹುಡುಗಿಗೆ ಅಲ್ಲಿವರೆಗೆ ಭಯವೇ ಇರಲಿಲ್ಲ. ಓಹೋ, ಹೆದರುವ ವಿಷಯ ಏನೋ ಇರಬೇಕು ಅಂತ ಅವಳಿಗೆ ಹೊಳೆಯುವುದೇ ಆ ಸಾಲಿನಿಂದ. ಅವಳಿಗೆ ಬೇಕಾದ್ದು ಬೇರೆ. ತಲೆಕೆಳಗಾಗಿ ನೇತಾಡುವಾಗ ಅದು ಉಚ್ಚೆ ಹೊಯ್ಯುವುದು ಹೇಗೆ? ಇಷ್ಟು ವರ್ಷ ಪಾಠ ಮಾಡಿದ್ದೀರಿ, ಈ ಪ್ರಶ್ನೆ ಯಾವ ಮಗುವೂ ಕೇಳಲಿಲ್ಲ ಅಂದರೆ ನಾನು ನಂಬಲ್ಲ. ದೊಡ್ಡ ಬಾವಲಿ ಹೆಬ್ಬೆರಳಿನ ಉಗುರನ್ನು ಕೊಂಬೆಗೆ ಸಿಕ್ಕಿಸಿ, ಕಾಲು ಬಿಟ್ಟು, ತಲೆ ಮೇಲಾಗಿ ತಿರುಗಿಕೊಳ್ಳುತ್ತದೆ. ಕೆಲಸ ಮುಗಿಸಿ ಮತ್ತೆ ನೇತಾಡುತ್ತದೆ. ನಿದ್ದೆಯಲ್ಲಿ ಯಾಕೆ ಬೀಳಲ್ಲ ಅನ್ನುವುದೂ ಚಂದದ ಸಂಗತಿ. ಮೈಭಾರವೇ ಕಾಲಿನ ಸ್ನಾಯುರಜ್ಜುವನ್ನು ಎಳೆದು ಬೆರಳುಗಳನ್ನು ಬಿಗಿ ಮಾಡುತ್ತದೆ. ಹಿಡಿದುಕೊಳ್ಳಲು ಶ್ರಮವಿಲ್ಲ, ಬಿಡಲಿಕ್ಕೇ ಶ್ರಮ ಬೇಕು. ಸತ್ತ ಬಾವಲಿ ಕೊಂಬೆಯಲ್ಲೇ ತೂಗುತ್ತಿರುವುದುಂಟು. ಇವೆರಡನ್ನೂ ಬರೆಯಿರಿ, 'ಹೆದರಬೇಡಿ' ಅನ್ನುವ ಅಗತ್ಯವೇ ಬೀಳುವುದಿಲ್ಲ.

ದೊಡ್ಡವರ ಭಾಗದಲ್ಲಿ ಇನ್ನೊಂದು ತರಹದ ತಪ್ಪು. 'ಬಾವಲಿ ರೈತನಿಗೆ ಯಾವ ನಷ್ಟವನ್ನೂ ಮಾಡುವುದಿಲ್ಲ' ಅಂತ 52ನೇ ಪುಟದಲ್ಲಿ ಬರೆದಿದ್ದೀರಿ. ನಾಲ್ಕು ಸಪೋಟ ಗಿಡ ಇರುವವನು ಅಲ್ಲೇ ಪುಸ್ತಕ ಮುಚ್ಚಿಡುತ್ತಾನೆ. ನಷ್ಟ ಆಗುತ್ತದೆ ಅಂತಲೇ ಬರೆಯಿರಿ. ಆಮೇಲೆ ಅದೇ ಓದುಗನನ್ನು ಬೆಳಗ್ಗೆ ತೋಟಕ್ಕೆ ಕರೆದುಕೊಂಡು ಹೋಗಿ. ರಾತ್ರಿ ಬಾವಲಿ ಹಣ್ಣಡಿಕೆ ಕಿತ್ತು ಒಯ್ದು, ಮೇಲಿನ ಸಿಪ್ಪೆ ಚೀಪಿ, ಒಳಗಿನ ಅಡಿಕೆಯನ್ನು ಹಾಗೇ ಉದುರಿಸಿರುತ್ತದೆ. ಹಲಸಿನ ಮರದ ಬುಡದಲ್ಲಿ ಅವನ್ನು ಆರಿಸಿ ಬುಟ್ಟಿ ತುಂಬಿಸುವವರನ್ನು ನೀವು ನಾನು ಇಬ್ಬರೂ ನೋಡಿದ್ದೇವೆ. ಪಕ್ಕದವರ ತೋಟದ ಅಡಿಕೆ ನಿಮ್ಮ ಮರದ ಕೆಳಗೆ ಬಿದ್ದರೆ ಅದು ಯಾರದ್ದು? ಕೊಯ್ಯುವ ಕೂಲಿ ಕೊಡದೆ ಬಂದ ಅಡಿಕೆ ಬೇರೆ! ಈ ಒಂದು ಪ್ರಶ್ನೆಯ ಮೇಲೆ ಒಂದು ಅಧ್ಯಾಯ ಬರೆಯಬಹುದು. ನೀವು ಅರ್ಧ ವಾಕ್ಯ ಬರೆದು ಮೆಕ್ಸಿಕೋಗೆ ಹಾರಿದ್ದೀರಿ.

ಕಾಯಿಲೆ ವಿಷಯಕ್ಕೆ ಬರುತ್ತೇನೆ. ನಿಫಾ ಎಲ್ಲ ಬರೀ ಅಪಪ್ರಚಾರ ಅಂತ ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಹಾಗಲ್ಲ. ನಿಫಾ ವೈರಸ್ಸಿಗೆ ಹಣ್ಣು ತಿನ್ನುವ ಬಾವಲಿಗಳೇ ಮನೆ. 2018ರಲ್ಲಿ ಕೋಳಿಕ್ಕೋಡಿನಲ್ಲಿ ಜನ ಸತ್ತಿದ್ದು ಸುಳ್ಳಲ್ಲ. ಬಾಂಗ್ಲಾದೇಶದಲ್ಲಿ ಬಾವಲಿ ನೆಕ್ಕಿದ ಈಚಲ ರಸವನ್ನು ಹಸಿಯಾಗಿ ಕುಡಿದು ಕಾಯಿಲೆ ಬಂದಿದ್ದೂ ನಿಜ. ಕಚ್ಚಿದ ಹಣ್ಣು ತಿನ್ನಬೇಡಿ, ಬರಿಗೈಯಲ್ಲಿ ಬಾವಲಿ ಮುಟ್ಟಬೇಡಿ ಅಂತ ನೇರವಾಗಿ ಬರೆಯಿರಿ. ಹಾಗಂತ ಮರ ಕಡಿದರೆ ಅವು ಚೆದುರಿ ಇನ್ನೊಂದು ಊರಿನ ಮರ ಹುಡುಕುತ್ತವೆ, ಅಷ್ಟೇ. ನಮ್ಮ ಜಿಲ್ಲೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ಅದನ್ನು ಹರಡುವ ಉಣುಗಿನ ಜೊತೆ ಬದುಕುತ್ತಿದ್ದೇವೆ. ಕಾಡನ್ನು ಪ್ರೀತಿಸುವವನೂ ಉಣುಗಿಗೆ ಎಣ್ಣೆ ಹಚ್ಚಿಕೊಂಡೇ ಸೊಪ್ಪಿಗೆ ಹೋಗುತ್ತಾನೆ, ಅಲ್ವಾ?

ಮಾಹಿತಿ ತಪ್ಪುಗಳು ಕೆಲವಿವೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. 4ನೇ ಪುಟದಲ್ಲಿ ಬಾವಲಿಗೆ ಕಣ್ಣು ಕಾಣುವುದಿಲ್ಲ ಅಂದಿದ್ದೀರಿ, 19ರಲ್ಲಿ ಅದರ ದೊಡ್ಡ ಕಣ್ಣನ್ನು ಹೊಗಳಿದ್ದೀರಿ. ಕಣ್ಣು ಕಾಣುತ್ತದೆ. ನಮ್ಮ ದೊಡ್ಡ ಬಾವಲಿ ತನ್ನ ಸದ್ದಿನ ಪ್ರತಿಧ್ವನಿ ನಂಬಿ ಹಾರುವುದೇ ಇಲ್ಲ, ಕಣ್ಣು ಮೂಗಿನ ಮೇಲೇ ಅದರ ಸಂಸಾರ. ಪ್ರತಿಧ್ವನಿಯ ವಿದ್ಯೆ ಇರುವುದು ಹುಳ ಹಿಡಿಯುವ ಸಣ್ಣ ಬಾವಲಿಗಳಿಗೆ, ಅಂದರೆ ಕಣ್ಕಪ್ಪಡಿಗಳಿಗೆ. ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ ಅನ್ನುವ ಲೆಕ್ಕವನ್ನು ದಯವಿಟ್ಟು ತೆಗೆಯಿರಿ. ಕೋಣೆಯೊಳಗೆ ಸೊಳ್ಳೆ ಬಿಟ್ಟು ಸ್ವಲ್ಪ ಹೊತ್ತು ಎಣಿಸಿದ್ದನ್ನು ಯಾರೋ ಹಿಗ್ಗಿಸಿದ್ದು ಅದು, ಅದೂ ಅಮೆರಿಕದ ಬಾವಲಿಗಳದ್ದು.

'ಅಮೆರಿಕದ ವಿಜ್ಞಾನಿಯೊಬ್ಬರು ಪ್ರತಿಧ್ವನಿಯ ಗುಟ್ಟು ಕಂಡುಹಿಡಿದರು' ಅನ್ನುವ ಒಂದು ಸಾಲು ಓದಿ ನನಗೆ ಹೊಟ್ಟೆ ಉರಿಯಿತು. ಎಂಥ ಕಥೆಯನ್ನು ಹಾಳು ಮಾಡಿದ್ದೀರಿ! 1793ರಲ್ಲಿ ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ ಸಾಕಿದ್ದ ಗೂಬೆ, ದೀಪ ಆರಿದಾಗ ಗೋಡೆಗೆ ಡಿಕ್ಕಿ ಹೊಡೆಯಿತು. ಅದೇ ಕತ್ತಲಲ್ಲಿ ಬಾವಲಿ ಆರಾಮಾಗಿ ಹಾರಿತು. ಕಣ್ಣು ಕುರುಡು ಮಾಡಿದರೂ ಹಾರಿತು. ಸ್ವಿಟ್ಜರ್ಲೆಂಡಿನ ಜ್ಯೂರಿನ್ ಕಿವಿ ಮುಚ್ಚಿ ನೋಡಿದ. ಈಗ ಡಿಕ್ಕಿ! ಹಾಗಾದರೆ ಕಿವಿಯಿಂದ ನೋಡುತ್ತದೆಯೇ ಅಂತ ಪಂಡಿತರು ನಕ್ಕುಬಿಟ್ಟರು. ಸುಮಾರು ಒಂದೂವರೆ ಶತಮಾನ ವಿಷಯ ಮೂಲೆಗೆ ಬಿತ್ತು. 1938ರಲ್ಲಿ ಹಾರ್ವರ್ಡಿನ ಹುಡುಗ ಡೊನಾಲ್ಡ್ ಗ್ರಿಫಿನ್ ಬಾವಲಿಗಳನ್ನು ಪಂಜರದಲ್ಲಿ ಹೊತ್ತು, ಮನುಷ್ಯರ ಕಿವಿಗೆ ಕೇಳದ ಸದ್ದನ್ನು ಹಿಡಿಯುವ ಯಂತ್ರ ಮಾಡಿದ್ದ ಪಿಯರ್ಸ್ ಎಂಬ ಮೇಷ್ಟ್ರ ಹತ್ತಿರ ಹೋದ. ಯಂತ್ರ ಮಾತಾಡಿತು. 1944ರಲ್ಲಿ ಗ್ರಿಫಿನ್ ಆ ವಿದ್ಯೆಗೆ ಒಂದು ಹೆಸರೂ ಇಟ್ಟ. ಇದಕ್ಕೆ ಎಂಟು ಪುಟ ಕೊಡಿ.

ಜಾಗ ಎಲ್ಲಿಂದ ತರಲಿ ಅಂತೀರಾ? ಟೆಕ್ಸಾಸಿನ ಗುಹೆಗೆ 11 ಪುಟ ಕೊಟ್ಟಿದ್ದೀರಿ. ರಕ್ತ ನೆಕ್ಕುವ ಬಾವಲಿಗೆ 9 ಪುಟ. ಜಗತ್ತಿನ 1400ಕ್ಕೂ ಹೆಚ್ಚು ಜಾತಿಗಳಲ್ಲಿ ಅಂಥವು ಮೂರೇ, ಅವೂ ಅಮೆರಿಕ ಖಂಡದಲ್ಲಿ ಮಾತ್ರ. ಕೋಲಾರದ ಹನುಮನಹಳ್ಳಿಯ ಬಾವಲಿಗೆ ಒಂದು ಸಾಲೂ ಇಲ್ಲ. ಅಲ್ಲಿನ ಬಂಡೆಗಳ ಗುಹೆ ಬಿಟ್ಟರೆ ಅದಕ್ಕೆ ಜಗತ್ತಿನಲ್ಲಿ ಬೇರೆ ಮನೆ ಗೊತ್ತಿಲ್ಲ, ಸುತ್ತ ಕಲ್ಲು ಒಡೆಯುವ ಕಾಟ. ಖಾನಾಪುರದ ಕಡೆ ಭೀಮಗಡ ಕಾಡಿನಲ್ಲಿ ಅಪರೂಪದ ಬಾವಲಿಗಳಿರುವ ಬಾರಾಪೇಡೆ ಗುಹೆಯ ಮಾತೂ ಇಲ್ಲ.

ಇನ್ನೊಂದು. 1948ರಲ್ಲಿ ತಮಿಳುನಾಡಿನ ಮೇಘಮಲೆ ಕಡೆ ಸಿಕ್ಕಿದ ಒಂದು ಬಾವಲಿ, ಬೇರೆ ಜಾತಿಯ ಚೀಟಿ ಅಂಟಿಸಿಕೊಂಡು ಮುಂಬೈನ ಸಂಗ್ರಹದಲ್ಲಿ ಬಿದ್ದಿತ್ತು. ಇದು ಹೊಸ ಜಾತಿ ಅಂತ ಥೈಲ್ಯಾಂಡಿನ ಕಿಟ್ಟಿ ಥೊಂಗ್ಲೊಂಗ್ಯಾ ಗುರುತಿಸಿ ಸಲೀಂ ಅಲಿ ಹೆಸರು ಇಟ್ಟಿದ್ದು 1972ರಲ್ಲಿ. ವನ್ಯಜೀವಿ ಕಾಯ್ದೆ ಬಂದಿದ್ದೂ ಅದೇ ವರ್ಷ. ಆ ಕಾಯ್ದೆ ಹಣ್ಣು ಬಾವಲಿಗಳನ್ನು ಕಾಗೆ, ಇಲಿ, ಹೆಗ್ಗಣಗಳ ಸಾಲಿಗೆ, ಅಂದರೆ ಪೀಡೆಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯನ್ನೇ ತೆಗೆದಿದ್ದು 2022ರ ತಿದ್ದುಪಡಿಯಲ್ಲಿ. ಇದನ್ನೆಲ್ಲ ಬರೆದರೆ ನೀವು ವಾದ ಮಾಡಬೇಕಾಗಿಯೇ ಇಲ್ಲ.

ಈಗ 37ನೇ ಪುಟ. ಮಳೆಗಾಲದ ರಾತ್ರಿ ಹೆಂಚಿನ ಸಂದಿಯಿಂದ ಒಂದು ಕಣ್ಕಪ್ಪಡಿ ಜಗಲಿಗೆ ಬರುತ್ತದೆ. ನಾಲ್ಕು ಸುತ್ತು ಹಾರಿ ಗೋಡೆಗೆ ಅಂಟಿಕೊಳ್ಳುತ್ತದೆ. ನೀವು ಹಿಡಿ, ಅಂದರೆ ಕಸಪೊರಕೆ, ತರುತ್ತೀರಿ. ನಿಮ್ಮ ತಾಯಿ ಹಿಡಿ ಕಸಿದುಕೊಂಡು, ಮೊರದಂಥ ಗೆರಸೆ ತಂದು ಅದರ ಮೇಲೆ ಕವುಚುತ್ತಾರೆ. ಗೋಡೆಗೂ ಗೆರಸೆಗೂ ನಡುವೆ ಹಳೇ ಕ್ಯಾಲೆಂಡರ್ ತೂರಿಸುತ್ತಾರೆ. ಅಂಗಳದಲ್ಲಿ ನೆಲಕ್ಕೆ ಬಿಟ್ಟರೆ ಅದು ಏಳುವುದಿಲ್ಲ, ಮಣಿಕಟ್ಟು ಊರಿ ತೆವಳುತ್ತದೆ. 'ಎತ್ತರಕ್ಕಿಡು, ಬಿದ್ರೆ ಹಾರ್ತದೆ' ಅನ್ನುತ್ತಾರೆ. ಗೆರಸೆಯನ್ನು ಚಪ್ಪರದ ಕಂಬಕ್ಕೆ ಆನಿಸುತ್ತೀರಿ. ಅದು ಕಂಬ ಹತ್ತುತ್ತದೆ, ಬೀಳುತ್ತದೆ, ನೆಲ ಮುಟ್ಟುವ ಮೊದಲೇ ಹಾರಿಹೋಗುತ್ತದೆ.

ನಿಮ್ಮ ಮಕ್ಕಳ ಪುಸ್ತಕ ಇಷ್ಟೇ. ಇಪ್ಪತ್ನಾಲ್ಕು ಪುಟ, ಪುಟಕ್ಕೆ ಎರಡು ಸಾಲು, ಉಳಿದದ್ದು ಚಿತ್ರ. ಮುಂದಿನ ಪ್ಯಾರಾದ 'ಹೀಗೆ ಪ್ರಕೃತಿಮಾತೆಯ ಮಡಿಲಲ್ಲಿ ಪ್ರತಿ ಜೀವಿಗೂ...' ಪೂರ್ತಿ ಹೊಡೆದುಹಾಕಿದ್ದೇನೆ. ಸಿಟ್ಟಾಗಬೇಡಿ. ದೊಡ್ಡವರ ಪುಸ್ತಕವನ್ನು ಬೇರೆಯಾಗಿ, ಅಡಿಕೆ ಜಗಳದಿಂದ ಶುರು ಮಾಡಿ ಬರೆಯಿರಿ. ಅಡಿಕೆ ಕೊನೆ ಕೊಯ್ಲು ಮುಗಿಸಿಕೊಂಡೇ ಕೂತುಕೊಳ್ಳಿ, ಅವಸರವಿಲ್ಲ.

ಮಕ್ಕಳ ಪುಸ್ತಕವನ್ನು ಮಾತ್ರ ಬೇಗ ಕಳಿಸಿ. ಅದಕ್ಕೆ ಮೊದಲು ತಾಯಿಯವರನ್ನು ಒಂದು ಮಾತು ಕೇಳಿ. ಗೆರಸೆ ಕವುಚಿದ ಮೇಲೆ ಒಳಗಿಂದ ಸದ್ದೇನಾದರೂ ಬಂತಾ? ಬಂದಿದ್ದರೆ ಹೇಗಿತ್ತು ಅಂತ ಅವರ ಮಾತಲ್ಲೇ ಬರೆದು ಕಳಿಸಿ.

ಇತಿ ನಿಮ್ಮ,
ಸಂಪಾದಕ