ಮುಳುಗಬೇಕಾದ ಲೋಳೆ ಮರ್ಮರಾದಲ್ಲಿ ತೇಲಿದ್ದು ಯಾಕೆ?

ಪ್ರಶ್ನೆ: 2021ರಲ್ಲಿ ಟರ್ಕಿಯ ಮರ್ಮರಾ ಸಮುದ್ರದ ಮೇಲೆಲ್ಲಾ ಬಿಳಿ ಲೋಳೆ ಹರಡಿದ್ದ ಫೋಟೋಗಳನ್ನು ನೋಡಿದ್ದೆ. ಸತ್ತ ಪಾಚಿ, ಕಸ ಎಲ್ಲ ಅಂಟಿಕೊಂಡು ದೊಡ್ಡದಾದರೆ ಬೇಗ ಮುಳುಗುತ್ತದೆ ಅಂತ ಓದಿದ ನೆನಪು. ಹಾಗಾದರೆ ಅಷ್ಟೊಂದು ಅಂಟು ತಳಕ್ಕೆ ಇಳಿಯಲಿಲ್ಲ ಯಾಕೆ?

ಉತ್ತರ: ನೀವು ಓದಿದ್ದು ಸರಿ, ಆದರೆ ಅರ್ಧ ಕಥೆ. ಪಾಚಿಯ ಒಂಟಿ ಕಣ ಎಷ್ಟು ಸಣ್ಣದು ಅಂದರೆ ಇಡೀ ದಿನ ಇಳಿದರೂ ಒಂದು ಮೀಟರ್ ದಾಟುವುದು ಕಷ್ಟ. ನೂರಾರು ಕಣಗಳು ಅಂಟಿಕೊಂಡವು ಅನ್ನಿ, ದಿನಕ್ಕೆ ಹತ್ತಾರು ಮೀಟರ್, ಕೆಲವು ಸಲ ನೂರು ಮೀಟರ್‌ಗೂ ಜಾಸ್ತಿ ಇಳಿಯುತ್ತವೆ. ಅಂಟಿಸುವುದು ಪಾಚಿಯೇ ಬಿಡುವ ಸಕ್ಕರೆ ಜಾತಿಯ ಲೋಳೆ. ಬಿಸಿಲು ಚೆನ್ನಾಗಿದ್ದು ಪೋಷಕಾಂಶದ ಲೆಕ್ಕ ತಪ್ಪಿದಾಗ ಅದು ಹೆಚ್ಚು ಬರುತ್ತದೆ.

ತಮಾಷೆ ಏನೆಂದರೆ, ಬರೀ ಲೋಳೆ ಸಮುದ್ರದ ನೀರಿಗಿಂತ ಹಗುರ. ಜೊತೆಯಲ್ಲಿ ಭಾರದ ಏನೂ ಇಲ್ಲದಿದ್ದರೆ ಮುಳುಗುವುದಿರಲಿ, ಮೇಲಕ್ಕೇ ಏರುತ್ತದೆ. ಡಯಾಟಮ್ ಪಾಚಿಯ ಗಾಜಿನಂಥ ಚಿಪ್ಪು, ಸುಣ್ಣದ ಚಿಪ್ಪು, ನದಿ ತಂದ ಜೇಡಿಮಣ್ಣು, ಗಾಳಿ ತಂದ ದೂಳು, ಇವುಗಳಲ್ಲಿ ಯಾವುದಾದರೂ ಸೇರಿದರೆ ಮಾತ್ರ ಕೆಳಗಿನ ದಾರಿ.

ಇನ್ನು ಮರ್ಮರಾ. ಅಲ್ಲಿ ಒಂದರ ಮೇಲೊಂದು ಎರಡು ಸಮುದ್ರ ಇದ್ದ ಹಾಗೆ. ಮೇಲಿನದ್ದು ಕಪ್ಪು ಸಮುದ್ರದಿಂದ ಬರುವ ಸಪ್ಪೆ ನೀರು, ಕೆಜಿಗೆ 20 ಗ್ರಾಂ ಆಸುಪಾಸು ಉಪ್ಪು. ಸುಮಾರು 25 ಮೀಟರ್ ಕೆಳಗೆ ಮೆಡಿಟರೇನಿಯನ್‌ನ ನೀರು, 38 ಗ್ರಾಂ ಉಪ್ಪು. ಒಂದು ಘನ ಮೀಟರ್‌ಗೆ ಹತ್ತು ಕೆಜಿಗಿಂತ ಹೆಚ್ಚು ತೂಕದ ವ್ಯತ್ಯಾಸ. ಲೋಳೆ ಉಂಡೆಯಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ನೀರೇ ಇರುವುದು, ಅದೂ ಮೇಲಿನ ಸಪ್ಪೆ ನೀರು. ಗಡಿ ತಲುಪಿದ್ದೇ ತಡ, ಅಲ್ಲೇ ನಿಲ್ಲುತ್ತದೆ. ಮನೆಯಲ್ಲೇ ನೋಡಬಹುದು: ನೀರಲ್ಲಿ ನೆನೆಸಿದ ಕಾಮಕಸ್ತೂರಿ ಬೀಜವನ್ನು ಗಟ್ಟಿ ಸಕ್ಕರೆ ಪಾಕದ ಶರಬತ್ತಿಗೆ ಹಾಕಿ. ಮೊದಲು ತೇಲುತ್ತದೆ. ಸಕ್ಕರೆ ನಿಧಾನಕ್ಕೆ ಲೋಳೆಯೊಳಗೆ ಇಳಿದ ಮೇಲೆ ತಾನೂ ಇಳಿಯುತ್ತದೆ. ಸಮುದ್ರದಲ್ಲಿ ಆ ಕೆಲಸ ಉಪ್ಪಿನದ್ದು, ಉಂಡೆ ದೊಡ್ಡದಾದಷ್ಟೂ ಕಾಯುವುದು ಜಾಸ್ತಿ. ಅಷ್ಟರಲ್ಲಿ ಮೇಲಿಂದ ಇನ್ನಷ್ಟು ಬಂದು ಸೇರಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಮುತ್ತುತ್ತದೆ, ಒಳಗೆ ಗಾಳಿ ಗುಳ್ಳೆ ಸಿಕ್ಕಿಕೊಂಡರೆ ಇಡೀ ಚಾದರವೇ ಎದ್ದು ನೀರಿನ ಮೇಲೆ ಬರುತ್ತದೆ. ನೀವು ನೋಡಿದ ಫೋಟೋಗಳು ಇದರದ್ದೇ.

ಬಿಸಿ, ಅಲೆ ಇವುಗಳ ಪಾತ್ರವೂ ಇದೆ. 30 ಡಿಗ್ರಿಯ ನೀರು 0 ಡಿಗ್ರಿಯ ನೀರಿಗಿಂತ ಅರ್ಧದಷ್ಟು ಮಾತ್ರ ಮಂದ, ಹಾಗಾಗಿ ಬಿಸಿನೀರಲ್ಲಿ ಬೇಗ ಇಳಿಯಬೇಕು ಅಲ್ವಾ? ಆದರೆ ಮೇಲ್ಪದರ ಬಿಸಿಯಾದಷ್ಟೂ ಕೆಳಗಿನದರ ಜೊತೆ ಬೆರೆಯುವುದಿಲ್ಲ, ಬ್ಯಾಕ್ಟೀರಿಯಾವೂ ಚುರುಕು. ಸ್ವಲ್ಪ ಕದಡಿದರೆ ಕಣಗಳು ಡಿಕ್ಕಿಯಾಗಿ ಅಂಟುತ್ತವೆ, ಜೋರು ಗಾಳಿಯಾದರೆ ಒಡೆದು ಚೂರಾಗುತ್ತವೆ.

ಮುಳುಗುತ್ತಿರುವ ಕಣದ ಸುತ್ತಲೂ ಕಾಣದ ಲೋಳೆಯ ಬಾಲ ಇರುತ್ತದೆ ಅಂತ 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ತೋರಿಸಿತು. ಆ ಬಾಲದಿಂದಾಗಿ ಮೇಲಿನ 100 ಮೀಟರ್‌ನಲ್ಲಿ ಕಣ ಉಳಿಯುವ ಕಾಲ ಸುಮಾರು ಎರಡರಷ್ಟಾಗುತ್ತದಂತೆ. ನನ್ನ ಮಟ್ಟಿಗೆ ಈಚಿನ ವರ್ಷಗಳ ಅತಿ ಮುಖ್ಯ ಕೆಲಸ ಇದು.

ಸಪ್ಪೆ ನೀರಿನ ಪದರ ಇದ್ದರೆ ಯಾವತ್ತೂ ಮುಳುಗಲ್ಲ ಅಂತಲೂ ಅಲ್ಲ. ನಮ್ಮ ಬಂಗಾಳ ಕೊಲ್ಲಿಯಲ್ಲೂ ಗಂಗಾ, ಬ್ರಹ್ಮಪುತ್ರದ ನೀರು ಮೇಲೆ ಹರಡಿರುತ್ತದೆ. ಅಲ್ಲಿ ಪಾಚಿ ಅರಬ್ಬಿ ಸಮುದ್ರಕ್ಕಿಂತ ಕಡಿಮೆ. ಆದರೂ ಸತ್ತ ಪಾಚಿಯ ಜೊತೆ ಆಳಕ್ಕೆ ತಲುಪುವ ಇಂಗಾಲ ಎರಡೂ ಕಡೆ ಹೆಚ್ಚುಕಡಿಮೆ ಸರಿಸಮ. ನದಿಯ ಮಣ್ಣು ಭಾರ ಒದಗಿಸುತ್ತದೆ.

ಅಂದಹಾಗೆ, ಮರ್ಮರಾದ ಲೋಳೆ ಇಳಿಯಲೇ ಇಲ್ಲ ಅನ್ನುವಂತಿಲ್ಲ. ಮೇಲಿನದ್ದನ್ನು ಹೀರಿ ತೆಗೆಯುವ ಕೆಲಸ ನಡೆದಾಗಲೇ ಒಂದಿಷ್ಟು ತಳ ಸೇರಿ ಹವಳಗಳ ಮೇಲೆ ಮುಸುಕಿತ್ತು. ಮೊದಲೇ ಆಮ್ಲಜನಕ ಕಡಿಮೆ ಇರುವ ಕೆಳಪದರದಲ್ಲಿ ಅದು ಕೊಳೆತರೆ ಇರುವಷ್ಟೂ ಖರ್ಚಾಗುತ್ತದೆ.