ಒಂದು ವಾರದ ನಾಯಕತ್ವ ಶಿಬಿರಕ್ಕೆ ಹದಿಹರೆಯದ ಮಕ್ಕಳನ್ನು ಹೇಗೆ ತಯಾರು ಮಾಡುವುದು?

ನಿಮ್ಮ ಪ್ರಶ್ನೆ ಓದಿದೆ. ನೀವು ನೋಡಿಕೊಳ್ಳುವ ತಂಡದಿಂದ ಆರು ಮಕ್ಕಳು, 13ರಿಂದ 16 ವರ್ಷದವರು, ಮುಂದಿನ ತಿಂಗಳು ಏಳು ದಿನದ ನಾಯಕತ್ವ ತರಬೇತಿ ಶಿಬಿರಕ್ಕೆ ಹೊರಟಿದ್ದಾರೆ. ಯಾರೂ ಇಷ್ಟು ದಿನ ಮನೆ ಬಿಟ್ಟು ಇದ್ದವರಲ್ಲ. ಹೋಗುವ ಮೊದಲು ಏನು ಕಲಿಸಿ ಕಳಿಸಬೇಕು, ಭಾಷಣ ಅಭ್ಯಾಸ ಮಾಡಿಸಲೇ ಅಂತ ಕೇಳಿದ್ದೀರಿ.

ಭಾಷಣ ಬೇಡ. ಅದನ್ನು ಅಲ್ಲಿ ಕಲಿಸುತ್ತಾರೆ, ಕಲಿಸದಿದ್ದರೂ ನಷ್ಟವಿಲ್ಲ. ನಾನು ಮೊದಲು ಕೆಲವು ವರ್ಷ ಹೀಗೆ ಮಕ್ಕಳನ್ನು ಕಳಿಸುವವನಾಗಿದ್ದೆ. ಆಮೇಲೆ ಶಿಬಿರದಲ್ಲೇ ಸ್ವಯಂಸೇವಕನಾಗಿ ಅವರನ್ನು ಬರಮಾಡಿಕೊಳ್ಳುವವನಾದೆ. ಎರಡೂ ಕಡೆ ನಿಂತು ನೋಡಿದ್ದೀನಿ. ತಯಾರಿಯಲ್ಲಿ ಮುಕ್ಕಾಲು ಭಾಗ ನಾವು ದೊಡ್ಡವರು ಕೈಕಟ್ಟಿ ಸುಮ್ನೆ ನಿಲ್ಲುವುದೇ. ಅದು ನನಗೆ ಇವತ್ತಿಗೂ ಕಷ್ಟ.

ಬ್ಯಾಗಿನಿಂದ ಶುರು ಮಾಡಿ.

ಒಂದು ಶಿಬಿರದಲ್ಲಿ ಮೊದಲ ರಾತ್ರಿಯೇ ಮಳೆ ಹಿಡಿಯಿತು. ಕರೆಂಟ್ ಇಲ್ಲ. 14 ವರ್ಷದ ಒಬ್ಬ ಹುಡುಗ ಟೆಂಟಿನೊಳಗೆ ಟಾರ್ಚ್ ಹುಡುಕುತ್ತಿದ್ದ. ಹೊಸ ಬ್ಯಾಗ್, ದೊಡ್ಡದು, ಎಲ್ಲೆಲ್ಲೂ ಜೇಬು. ಒಂದೊಂದೇ ಜಿಪ್ ಎಳೆಯುತ್ತಾನೆ, ಕೈ ಹಾಕಿ ತಡಕಾಡುತ್ತಾನೆ, ಮುಚ್ಚುತ್ತಾನೆ. ಕೊನೆಗೆ ತಾಳ್ಮೆ ಕೆಟ್ಟು ಇಡೀ ಬ್ಯಾಗನ್ನು ಕವುಚಿ ಹಾಕಿದ. ಇಸ್ತ್ರಿ ಮಾಡಿ ಮಡಚಿದ ಏಳು ಜೊತೆ ಬಟ್ಟೆ, ಒಂದೊಂದಕ್ಕೂ ವಾರದ ಹೆಸರು ಬರೆದ ಚೀಟಿ, ಎಲ್ಲ ಹೋಗಿ ಒದ್ದೆ ನೆಲದ ಮೇಲೆ ಬಿತ್ತು. ಟಾರ್ಚ್ ಇದ್ದದ್ದು ಎಡಗಾಲಿನ ಶೂ ಒಳಗೆ, ಕಾಲುಚೀಲದಲ್ಲಿ ಸುತ್ತಿ. ಒಡೆಯದಿರಲಿ ಅಂತ ಅವರಮ್ಮ ಜೋಪಾನ ಮಾಡಿದ್ದರು. "ನಂಗೆ ಹೇಗೆ ಗೊತ್ತಾಗ್ಬೇಕು ಸಾರ್, ಪ್ಯಾಕ್ ಮಾಡಿದ್ದು ನಾನಲ್ವಲ್ಲ" ಅಂದ. ಸರಿಯಾಗೇ ಹೇಳಿದ.

ಅದಕ್ಕೇ ಹೇಳುವುದು, ಶಿಬಿರದವರು ಕೊಟ್ಟ ಪಟ್ಟಿಯನ್ನು ಮಕ್ಕಳ ಕೈಗೇ ಕೊಡಿ. ಅಪ್ಪ ಅಮ್ಮಂದಿರಿಗೆ ಮೊದಲೇ ಹೇಳಿಡಿ, ನೋಡಿ, ಆದರೆ ಮುಟ್ಟಬೇಡಿ ಅಂತ. ಹೊರಡುವ ಒಂದು ವಾರ ಮೊದಲು ಆರೂ ಮಕ್ಕಳನ್ನು ಬ್ಯಾಗ್ ಸಮೇತ ಕರೆಸಿ. ದೀಪ ಆರಿಸಿ, ಎರಡು ನಿಮಿಷದಲ್ಲಿ ಟಾರ್ಚ್, ರೇನ್‌ಕೋಟ್, ನೀರಿನ ಬಾಟಲಿ ತೆಗೆಯಿರಿ ಅನ್ನಿ. ನಗುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಆದರೆ ಮನೆಗೆ ಹೋಗಿ ಎಲ್ಲರೂ ಬ್ಯಾಗನ್ನು ಮತ್ತೆ ಜೋಡಿಸುತ್ತಾರೆ. ಆಮೇಲೆ ಅದೇ ಬ್ಯಾಗ್ ಹೊತ್ತು ಅರ್ಧ ಗಂಟೆ ನಡೆಸಿ. ಬೇಡದ ಸಾಮಾನು ಅಲ್ಲೇ ಹೊರಬರುತ್ತದೆ. ನೀವು ತೆಗೆಯಲು ಹೇಳಿದ್ದರೆ ವಾದಕ್ಕೆ ನಿಲ್ಲುತ್ತಿದ್ದರು.

ಈಗ ಜಾಸ್ತಿ ಮುಖ್ಯವಾದ ಮಾತಿಗೆ ಬರುತ್ತೇನೆ. ಇದರಲ್ಲಿ ನನ್ನದೇ ತಪ್ಪಿದೆ.

ನಾನು ಕಳಿಸಿದ ಹುಡುಗರಲ್ಲಿ ಒಬ್ಬ ಎಲ್ಲದರಲ್ಲೂ ಮುಂದು. ಆಟದ ತಂಡಕ್ಕೂ ಅವನೇ ಕ್ಯಾಪ್ಟನ್, ಕಾರ್ಯಕ್ರಮ ಇದ್ದರೆ ಮೈಕ್ ಹಿಡಿಯುವವನೂ ಅವನೇ. ಹೊರಡುವಾಗ ಬೆನ್ನು ತಟ್ಟಿ "ನೋಡ್ತಿರು, ಅಲ್ಲೂ ನೀನೇ ಲೀಡರ್" ಅಂದುಬಿಟ್ಟೆ. ಅಲ್ಲಿ ಆದದ್ದೇ ಬೇರೆ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಜವಾಬ್ದಾರಿಗಳು ದಿನಕ್ಕೊಬ್ಬರಂತೆ ಬದಲಾಗುತ್ತವೆ. ಒಬ್ಬರು ನಾಯಕರಾದರೆ ಇನ್ನೊಬ್ಬರು ಅಡುಗೆ ಮೇಲ್ವಿಚಾರಣೆ, ಮತ್ತೊಬ್ಬರು ಪಾತ್ರೆ ತೊಳೆಯುವುದು. ಇವನಿಗೆ ಮೊದಲ ಮೂರು ದಿನ ಬಂದದ್ದು ನೀರು ತುಂಬಿಸುವುದು, ಪಾತ್ರೆ, ಸಮಯ ನೋಡಿಕೊಳ್ಳುವುದು. ಎರಡನೇ ದಿನ ಇವನಿಗಿಂತ ಒಂದು ವರ್ಷ ಚಿಕ್ಕ ಹುಡುಗಿ ನಾಯಕಿ. ಅವಳು ಟೆಂಟನ್ನು ಇಳಿಜಾರಿನಲ್ಲಿ ಹಾಕಿಸಿದಳು. ತಪ್ಪು ಅಂತ ಇವನಿಗೆ ಗೊತ್ತಿತ್ತು. ಹೇಳಲಿಲ್ಲ. ದೂರ ಹೋಗಿ ಮರದ ಬುಡದಲ್ಲಿ ಕೂತು ಕಲ್ಲಿನಿಂದ ಗೂಟ ಕೆರೆಯುತ್ತಿದ್ದ. ರಾತ್ರಿ ಎಲ್ಲರೂ ಒಂದೇ ಮೂಲೆಗೆ ಜಾರಿ, ಒಬ್ಬರ ಮೇಲೊಬ್ಬರು ಮಲಗಿದರು. ವಾಪಸ್ ಬಂದ ಮೇಲೆ ನನಗೆ ಅಂದ, "ಸಾರ್, ನೀವು ಹೇಳಿದ್ದು ಆಗಲಿಲ್ಲ. ನಾನು ಲೀಡರ್ ಆಗಲೇ ಇಲ್ಲ." ಶಿಬಿರದಿಂದ ಅವನು ತಂದದ್ದು ಅದೊಂದೇ ಮಾತು. ಆ ಮಾತನ್ನು ಅವನ ತಲೆಗೆ ತುಂಬಿ ಕಳಿಸಿದವನು ನಾನು.

ನಾಯಕತ್ವ ಶಿಬಿರ ಅಂದ ತಕ್ಷಣ ಮಕ್ಕಳೂ ಪೋಷಕರೂ ಅದನ್ನೊಂದು ಸ್ಪರ್ಧೆ ಅಂದುಕೊಳ್ಳುತ್ತಾರೆ. ಹೋಗುವ ಮೊದಲೇ ಬಿಡಿಸಿ ಹೇಳಿ: ಏಳು ದಿನದಲ್ಲಿ ನೀನು ನಾಯಕನಾಗಿರುವುದು ಒಂದೇ ದಿನ ಇರಬಹುದು, ಮಿಕ್ಕ ದಿನವೆಲ್ಲ ಬೇರೆಯವರ ಮಾತು ಕೇಳಬೇಕು. ಕಷ್ಟದ ಅಭ್ಯಾಸ ಅದೇ. ನಿಮ್ಮ ಆರು ಮಕ್ಕಳಿಂದ ಈಗಲೇ ಒಂದು ಸಣ್ಣ ಕೆಲಸ ಮಾಡಿಸಿ. ಒಂದು ಹೊತ್ತಿನ ಊಟ ಮಾಡಿ ಬಡಿಸುವುದು, ಚಿಕ್ಕ ಮಕ್ಕಳಿಗೆ ಒಂದು ಗಂಟೆ ಆಟ ಆಡಿಸುವುದು, ಏನಾದರೂ ಸರಿ. ಎಲ್ಲರಿಗಿಂತ ಮೆತ್ತಗಿರುವವರನ್ನು ನಾಯಕರಾಗಿ ಮಾಡಿ. ಜೋರು ಬಾಯಿಯವರಿಗೆ ಒಂದೇ ನಿಯಮ ಕೊಡಿ: ತಪ್ಪು ಕಂಡರೆ ನಾಯಕರ ಹತ್ತಿರ ಹೋಗಿ ಒಂದು ಸಲ ಹೇಳು, ಆಮೇಲೆ ಅವರು ಏನು ತೀರ್ಮಾನ ಮಾಡಿದರೂ ಆ ಕೆಲಸಕ್ಕೆ ಕೈಜೋಡಿಸು. ಊಟ ಹದ ತಪ್ಪಿದರೂ ನೀವು ಮಧ್ಯೆ ಬಾಯಿ ಹಾಕಬೇಡಿ. ತಳ ಹಿಡಿಯುವ ವಾಸನೆ ಬರುತ್ತಿರುವಾಗ ಸುಮ್ಮನಿರುವುದು ಎಂಥ ಶಿಕ್ಷೆ ಅಂತ ನನಗೆ ಗೊತ್ತು.

ಇದೇನೂ ಹೊಸ ಉಪಾಯ ಅಲ್ಲ. 1907ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ಸೇರಿಸಿ ಒಂದು ವಾರದ ಪ್ರಯೋಗ ಶಿಬಿರ ನಡೆಸಿದರು. ಸ್ಕೌಟ್ ಚಳವಳಿ ಶುರುವಾದದ್ದೇ ಅಲ್ಲಿಂದ. ಕೆಲವರು ಸಿರಿವಂತರ ಶಾಲೆಗಳಲ್ಲಿ ಓದುತ್ತಿದ್ದವರು, ಕೆಲವರು ದುಡಿಯುವ ಮನೆಗಳ ಹುಡುಗರು. ಅವರನ್ನು ಬೆರೆಸಿ ನಾಲ್ಕು ತಂಡ ಮಾಡಿ, ಪ್ರತಿ ತಂಡಕ್ಕೆ ಹುಡುಗರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದರು. ಇವತ್ತಿಗೂ ಯುವಕರ ಶಿಬಿರಗಳಲ್ಲಿ ಆರೆಂಟು ಜನರ ಚಿಕ್ಕ ತಂಡ ಮಾಡುವುದು ಇದೇ ಜಾಡಿನಲ್ಲಿ. ಹಾಗಾಗಿ ನಿಮ್ಮ ಆರೂ ಮಕ್ಕಳನ್ನು ಬೇರೆ ಬೇರೆ ತಂಡಕ್ಕೆ ಹಾಕುವ ಸಾಧ್ಯತೆ ಜಾಸ್ತಿ. ಇದನ್ನೂ ಮೊದಲೇ ಹೇಳಿ. ಗೆಳತಿಯ ಜೊತೆಗೇ ಇರುತ್ತೇನೆ ಅಂತ ನಂಬಿಕೊಂಡು ಬಂದ ಹುಡುಗಿಗೆ ಮೊದಲ ಗಂಟೆಯಲ್ಲೇ ಬೇರೆ ತಂಡದ ಬಣ್ಣದ ಸ್ಕಾರ್ಫ್ ಕೊಟ್ಟರೆ ಮುಖ ಹೇಗಾಗುತ್ತದೆ, ಯೋಚಿಸಿ.

ಮೂರನೇ ದಿನದ ಬಗ್ಗೆಯೂ ಎಚ್ಚರಿಕೆ ಕೊಡಿ. ಮೊದಲ ದಿನ ಎಲ್ಲರೂ ಒಳ್ಳೆಯವರು. ಎರಡನೇ ದಿನ ಸುಸ್ತು. ಮೂರನೇ ದಿನ ಯಾರೋ ಪಾತ್ರೆ ತೊಳೆಯದೆ ತಪ್ಪಿಸಿಕೊಂಡಿರುತ್ತಾರೆ, ಇನ್ನಾರೋ ಇವರ ಟವೆಲ್ ಬಳಸಿರುತ್ತಾರೆ, ಜಗಳ ಹತ್ತಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಚಿಕ್ಕ ಗುಂಪುಗಳ ಬಗ್ಗೆ ಬರೆದಿದ್ದರು: ಮೊದಲು ಸೇರುತ್ತಾರೆ, ಆಮೇಲೆ ಕಿತ್ತಾಡುತ್ತಾರೆ, ಆಮೇಲೆ ಒಂದು ಹೊಂದಾಣಿಕೆಗೆ ಬರುತ್ತಾರೆ, ಅದಾದ ಮೇಲೆ ಕೆಲಸ ಸಲೀಸಾಗುತ್ತದೆ. ಎಷ್ಟೋ ನಾಯಕತ್ವ ತರಬೇತಿಗಳಲ್ಲಿ ಇದನ್ನೇ ಪಾಠ ಮಾಡುತ್ತಾರೆ. ಮಕ್ಕಳಿಗೆ ಹೆಸರು, ಇಸವಿ ಬೇಡ. "ಮಧ್ಯದಲ್ಲಿ ಒಂದು ದಿನ ಎಲ್ಲರ ಮೇಲೂ ಸಿಟ್ಟು ಬರುತ್ತೆ, ಅದು ಬಂದು ಹೋಗುತ್ತೆ" ಅಂದರೆ ಸಾಕು. ಹಾಗೆ ಕೇಳಿ ಬಂದಿದ್ದ ಒಬ್ಬಳು ಜಗಳದ ನಡುವೆಯೇ "ಓ, ಇದೇ ಆ ದಿನ" ಅಂತ ನಕ್ಕುಬಿಟ್ಟಳು. ಜಗಳ ಅಲ್ಲಿಗೇ ಅರ್ಧ ಇಳಿಯಿತು.

ಮನೆ ನೆನಪಿನ ವಿಷಯ. 15 ವರ್ಷದವರಿಗೂ ಬರುತ್ತದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಹೊಟ್ಟೆನೋವು, ತಲೆನೋವು ಅಂತ ಬರುತ್ತಾರೆ. ಅಪ್ಪ ಅಮ್ಮಂದಿರು ಪ್ರೀತಿಯಿಂದಲೇ ಒಂದು ತಪ್ಪು ಮಾಡುತ್ತಾರೆ: "ಸೇರದಿದ್ರೆ ಒಂದು ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ." ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಥರ್ಬರ್ ಮತ್ತು ಮಕ್ಕಳ ವೈದ್ಯ ಎಡ್ವರ್ಡ್ ವಾಲ್ಟನ್ 2007ರಲ್ಲಿ ಮಕ್ಕಳ ವೈದ್ಯರಿಗೆಂದು ಬರೆದ ವರದಿಯಲ್ಲಿ ಈ ಮಾತು ಕೊಡಲೇಬೇಡಿ ಅಂತ ಹೇಳಿದ್ದಾರೆ. ಮಾತು ಕೊಟ್ಟರೆ ಮಗು ಮೊದಲ ಕಷ್ಟದಲ್ಲೇ ಆ ಫೋನಿನ ಬಗ್ಗೆ ಯೋಚಿಸಲು ಶುರು ಮಾಡುತ್ತದೆ, ನನ್ನ ಕೈಲಿ ಆಗಲ್ಲ ಅಂತ ಇವರಿಗೂ ಅನ್ನಿಸಿದೆ ಅಂದುಕೊಳ್ಳುತ್ತದೆ. ಅದರ ಬದಲು ಈ ತಿಂಗಳೊಳಗೆ ಎರಡು ರಾತ್ರಿ ನೆಂಟರ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇರಲಿ, ಫೋನ್ ಇಲ್ಲದೆ. "ನೆನಪಾದಾಗ ಏನು ಮಾಡ್ತೀಯ?" ಅಂತ ಮೊದಲೇ ಕೇಳಿ, ಉತ್ತರ ಅವರೇ ಹೇಳಲಿ. ಒಬ್ಬಳು ದಿನಾ ರಾತ್ರಿ ಅಜ್ಜಿಗೆ ಒಂದು ಪುಟ ಬರೆಯುತ್ತಿದ್ದಳು, ಅಂಚೆಗೆ ಹಾಕಲಿಲ್ಲ, ಏಳನ್ನೂ ಒಟ್ಟಿಗೆ ಕೈಗೆ ಕೊಟ್ಟಳು.

ಫೋನ್ ಅಂದಾಗ ನೆನಪಾಯಿತು. ಬಹಳ ಶಿಬಿರಗಳಲ್ಲಿ ಮೊದಲ ದಿನವೇ ಫೋನ್ ತೆಗೆದಿಡುತ್ತಾರೆ. ಆಗ ಗೊತ್ತಾಗುತ್ತದೆ, ಯಾರ ಹತ್ತಿರವೂ ವಾಚ್ ಇಲ್ಲ! ಸಮಯ ಪಾಲಿಸುವುದೇ ಅರ್ಧ ತರಬೇತಿ ಆಗಿರುವ ಜಾಗದಲ್ಲಿ ಇದು ದೊಡ್ಡ ತಾಪತ್ರಯ. ಸಾದಾ ವಾಚ್ ಸಾಕು, ಅಲಾರಂ ಇದ್ದರೆ ಇನ್ನೂ ಒಳ್ಳೆಯದು. ಮನೆಯವರ ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಎಷ್ಟು ಮಕ್ಕಳಿಗೆ ಬರುವುದಿಲ್ಲ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ನಿದ್ದೆ ಸರಿಮಾಡಲು ಈಗಿನಿಂದಲೇ ಶುರು ಮಾಡಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ದೆಯ ತಜ್ಞರು. ಹದಿಹರೆಯದಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತದೆ, ಬೇಗ ಮಲಗು ಅಂದರೆ ನಿದ್ದೆ ಬರುವುದಿಲ್ಲ. ಶಿಬಿರದಲ್ಲಿ ಮಾತ್ರ ಬೆಳಕು ಹರಿಯುವಾಗಲೇ ಸೀಟಿ. ಕೊನೆಯ ಹತ್ತು ದಿನ ಹಿಂದಿನ ದಿನಕ್ಕಿಂತ ಕಾಲು ಗಂಟೆ ಬೇಗ ಏಳುತ್ತಾ ಹೋಗಲಿ. ರಾತ್ರಿ ತಾನಾಗಿ ದಾರಿಗೆ ಬರುತ್ತದೆ.

ಹೊಸ ಶೂ ಹಾಕಿಸಿ ಕಳಿಸಬೇಡಿ. ಎರಡು ವಾರ ಮನೆಯಲ್ಲೇ ಹಾಕಿ ಓಡಾಡಿ ಹದಮಾಡಿಕೊಳ್ಳಲಿ. ಹಿಮ್ಮಡಿಯಲ್ಲಿ ಉರಿ ಶುರುವಾದ ಕೂಡಲೇ ಹೇಳಿದರೆ ಒಂದು ಪ್ಲಾಸ್ಟರ್ ಸಾಕು. ಸಂಜೆಯವರೆಗೆ ಸಹಿಸಿಕೊಂಡರೆ ಗುಳ್ಳೆ ಎದ್ದು ಮೂರು ದಿನ ಕುಂಟಬೇಕು. ದಿನಾ ಮಾತ್ರೆ, ಇನ್‌ಹೇಲರ್ ಬೇಕಾದವರಿದ್ದರೆ ಪ್ರಮಾಣ, ಹೊತ್ತು ಎಲ್ಲ ಬರೆದು ಮೂಲ ಪ್ಯಾಕೆಟ್‌ನಲ್ಲೇ ಕಳಿಸಿ, ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಹುಡುಗಿಯರು ದಿನ ದೂರ ಇದ್ದರೂ ಪ್ಯಾಡ್ ಇಟ್ಟುಕೊಳ್ಳಲಿ, ಪ್ರಯಾಣ, ಒತ್ತಡದಲ್ಲಿ ದಿನ ಹಿಂದುಮುಂದಾಗಬಹುದು. ಇದನ್ನು ನೀವು ಹೇಳಲು ಮುಜುಗರ ಆದರೆ ತಂಡದ ಯಾರಾದರೂ ಅಕ್ಕಂದಿರಿಂದ ಹೇಳಿಸಿ. ಹೇಳದೇ ಬಿಡಬೇಡಿ.

ಇನ್ನೊಂದು ಮಾತು, ತಮಾಷೆಯ ದನಿಯಲ್ಲಿ ಅಲ್ಲ, ನೇರವಾಗಿ ಹೇಳಬೇಕಾದದ್ದು. ದೊಡ್ಡವರಾಗಲಿ ಹಿರಿಯ ಹುಡುಗರಾಗಲಿ ಮೈ ಮುಟ್ಟಿದ್ದು ಇಷ್ಟವಾಗದಿದ್ದರೆ, ಇದು ನಮ್ಮಿಬ್ಬರಲ್ಲೇ ಇರಲಿ ಅಂದರೆ, ತಮಾಷೆ ಅಂತ ಹೇಳಿ ಕಾಡಿಸಿದರೆ, ತಕ್ಷಣ ಇನ್ನೊಬ್ಬ ದೊಡ್ಡವರಿಗೆ ಹೇಳಬೇಕು, ಮನೆಗೆ ಫೋನ್ ಬೇಕು ಅಂತ ಕೇಳಬೇಕು. ಕರ್ಕೊಂಡು ಹೋಗ್ತೀನಿ ಅನ್ನುವ ಮಾತು ಬೇಡ ಅಂದೆನಲ್ಲ, ಅದು ಇದಕ್ಕೆ ಅನ್ವಯಿಸುವುದಿಲ್ಲ. ಈ ವ್ಯತ್ಯಾಸ ಮಕ್ಕಳಿಗೂ ಪೋಷಕರಿಗೂ ಸ್ಪಷ್ಟವಾಗಿರಲಿ. ಶಿಬಿರದವರನ್ನೂ ನೀವೇ ಕೇಳಿ: ರಾತ್ರಿ ಮಕ್ಕಳ ಹತ್ತಿರ ಯಾರಿರುತ್ತಾರೆ, ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರದಂತೆ ನಿಯಮ ಇದೆಯೇ, ಪೆಟ್ಟಾದರೆ ಆಸ್ಪತ್ರೆಗೆ ಹೇಗೆ ಕರೆದೊಯ್ಯುತ್ತಾರೆ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರಾದರೆ ನಾನಂತೂ ಮಕ್ಕಳನ್ನು ಕಳಿಸುವುದಿಲ್ಲ.

ಕೊನೆಯದು, ವಾಪಸ್ ಬರುವ ದಿನ. ಇದನ್ನು ಯಾರೂ ತಯಾರಿ ಅಂತ ಎಣಿಸುವುದೇ ಇಲ್ಲ. ಏಳು ದಿನ ಒಟ್ಟಿಗಿದ್ದ ತಂಡ ಒಡೆಯುತ್ತದೆ, ಅಳುತ್ತಾರೆ. ಟಕ್‌ಮನ್ ಕೂಡ 1977ರಲ್ಲಿ ಮತ್ತೊಬ್ಬರ ಜೊತೆ ಸೇರಿ ತನ್ನ ನಾಲ್ಕು ಹಂತಕ್ಕೆ ಈ ಬೀಳ್ಕೊಡುಗೆಯನ್ನು ಐದನೆಯದಾಗಿ ಸೇರಿಸಿದರು. ಮನೆಗೆ ಬಂದರೆ ಇಲ್ಲಿ ಏನೂ ಬದಲಾಗಿರುವುದಿಲ್ಲ. ನಿಮ್ಮ ತಂಡದಲ್ಲೂ ಮತ್ತೆ ನೀವೇ ಎಲ್ಲ ನಿರ್ಧರಿಸುತ್ತಿರುತ್ತೀರಿ. ಎರಡು ವಾರದಲ್ಲಿ ಅವರ ಉತ್ಸಾಹ ಆರಿಹೋಗುತ್ತದೆ. ನಾನು ಕಳಿಸಿದ ಮೊದಲ ಗುಂಪಿಗೆ ಹೀಗೇ ಆಯಿತು. ಬಂದವರ ಕೈಗೆ ಕೊಡಲು ನನ್ನ ಹತ್ತಿರ ಕೆಲಸವೇ ಇರಲಿಲ್ಲ. ಹಾಗಾಗಿ ಅವರು ಹೊರಡುವ ಮೊದಲೇ ಒಂದು ಕಾರ್ಯಕ್ರಮ ಆರಿಸಿಡಿ, ತಿಂಗಳೊಳಗೆ ನಡೆಯಬೇಕಾದದ್ದು, ದಿನಾಂಕ ಸಮೇತ. ಬಂದ ಮೇಲೆ ಅದು ಪೂರ್ತಿ ನಿಮ್ಮದು ಅಂತ ಹೇಳಿ ಕಳಿಸಿ. ಅಲ್ಲಿ ಕೂತು ಕಲಿಯುವಾಗ ಇದು ನಮ್ಮ ಕಾರ್ಯಕ್ರಮಕ್ಕೆ ಆಗುತ್ತೆ ಅಂತ ಬರೆದುಕೊಳ್ಳುತ್ತಾರೆ.

ಬಂದ ದಿನವೇ "ಏನು ಕಲಿತ್ರಿ?" ಅಂತ ಕೇಳಬೇಡಿ. "ಚೆನ್ನಾಗಿತ್ತು" ಅನ್ನುವುದು ಬಿಟ್ಟು ಇನ್ನೇನೂ ಬರುವುದಿಲ್ಲ. ಉಂಡು ಮಲಗಲಿ. ಮೂರ್ನಾಲ್ಕು ದಿನ ಕಳೆದ ಮೇಲೆ ಆರೂ ಜನರನ್ನು ಕೂರಿಸಿ, "ಯಾವ ದಿನ ಜಗಳ ಆಯ್ತು?" ಅಂತ ಕೇಳಿ. ಆಮೇಲೆ ನೀವು ಮಾತಾಡಬೇಕಾಗಿಯೇ ಬರುವುದಿಲ್ಲ. ಬ್ಯಾಗಿನ ತಳದಲ್ಲಿ ಒಂದು ಒದ್ದೆ ಟವೆಲ್ ಖಂಡಿತ ಮುಗ್ಗಲು ಹಿಡಿದಿರುತ್ತದೆ. ಅದನ್ನೂ ಅವರೇ ಒಗೆಯಲಿ ಅಂತ ಮನೆಯವರಿಗೆ ಹೇಳಿಡಿ.